ಬಾಡಿಗೆ ಮನೆಗೂ ಬಾಗಿಲುಂಟು

(ದತ್ತಿ ಉಪನ್ಯಾಸದ ಬರಹರೂಪ)



ಕಾನೂನಿನ ದತ್ತಿ ಉಪನ್ಯಾಸವೆಂದರೆ ಸಂವಿಧಾನದ ಮೂಲರಚನೆ, ನ್ಯಾಯಾಂಗದ ಸ್ವಾತಂತ್ರ್ಯ ಮುಂತಾದ ದೊಡ್ಡ ವಿಷಯಗಳನ್ನು ನಿರೀಕ್ಷಿಸುವುದು ವಾಡಿಕೆ. ನಾನು ಆರಿಸಿಕೊಂಡಿರುವುದು ಬಾಡಿಗೆ ಮನೆಯ ಬಾಗಿಲನ್ನು. ಅದನ್ನು ಯಾರು ತೆರೆಯಬಹುದು, ಯಾವಾಗ ತೆರೆಯಬಹುದು, ಒಳಗಿರುವವರಿಗೆ ಹೇಳದೆ ಕೇಳದೆ ತೆರೆದರೆ ಏನು ಎಂಬುದಷ್ಟೇ ಇಂದಿನ ಪ್ರಶ್ನೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ನಾಲ್ಕು ವರ್ಷ ಬಾಡಿಗೆಗೆ ಇದ್ದವರಿಗೆಲ್ಲ ಈ ಪ್ರಶ್ನೆ ಗೊತ್ತು. ಅದು ಕೋರ್ಟಿನ ಮೆಟ್ಟಿಲು ಹತ್ತುವುದು ಮಾತ್ರ ಬಲು ಅಪರೂಪ. ಹತ್ತದೇ ಇರುವುದಕ್ಕೆ ಕಾರಣಗಳಿವೆ, ಅವನ್ನೂ ಹೇಳುತ್ತೇನೆ.

ನನ್ನ ಕಚೇರಿಗೆ ಬಂದಿದ್ದ ಒಬ್ಬಾಕೆಯ ಮಾತಿನಿಂದ ಶುರುಮಾಡುತ್ತೇನೆ. ಆಕೆ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಎರಡನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಖಾಲಿ ಮಾಡುತ್ತೇನೆಂದು ಮೊದಲೇ ತಿಳಿಸಿದ್ದರಿಂದ ಗೇಟಿಗೆ ಟು-ಲೆಟ್ ಬೋರ್ಡು ಬಿದ್ದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೀಗದಲ್ಲಿ ಕೀಲಿ ತಿರುಗಿದ ಸದ್ದಾಯಿತು. ಒಳಗಿನ ಚಿಲಕ ಹಾಕಿರಲಿಲ್ಲ. ಎದ್ದು ಕೂರುವಷ್ಟರಲ್ಲಿ ಮನೆ ಓನರು, ಬ್ರೋಕರು, ಮನೆ ನೋಡಲು ಬಂದ ಗಂಡ ಹೆಂಡತಿ ಹಾಲಿನಲ್ಲಿದ್ದರು. ‘ಮಲಗಮ್ಮಾ, ಎರಡೇ ನಿಮಿಷ’ ಎಂದರಂತೆ ಓನರು. ಬಂದವರು ಅಡುಗೆಮನೆ ನೋಡಿದರು. ಬಚ್ಚಲಿನ ಬಾಗಿಲು ತೆಗೆದು ಗೀಸರ್ ನೋಡಿದರು. ಮಂಚದ ಪಕ್ಕದ ಕಿಟಕಿಗೆ ಗಾಳಿ ಬರುತ್ತದೆಯೇ ಎಂದು ನೋಡಿದರು. ಒಳಗೆ ಹಗ್ಗದ ಮೇಲೆ ಒಣಹಾಕಿದ್ದ ಒಳಉಡುಪು, ಟೇಬಲ್ಲಿನ ಮೇಲಿದ್ದ ಮಾತ್ರೆಯ ಸ್ಟ್ರಿಪ್ಪು, ತೊಳೆಯದ ತಟ್ಟೆ, ಗೋಡೆಯ ಮೇಲಿನ ಫೋಟೊ ಎಲ್ಲವೂ ಅವರ ಕಣ್ಣಿಗೆ ಬಿದ್ದವು. ಐದು ನಿಮಿಷದಲ್ಲಿ ಹೊರಟುಹೋದರು. ಆಕೆ ನನಗೆ ಹೇಳಿದ್ದು ಇಷ್ಟು: ‘ಏನೂ ಮುಟ್ಟಲಿಲ್ಲ ಸರ್. ಎಲ್ಲಾ ನೋಡಿದರು.’

ಕಳ್ಳತನವಾಗಲಿಲ್ಲ, ಜಗಳವಾಗಲಿಲ್ಲ, ಯಾರೂ ಕೆಟ್ಟ ಮಾತಾಡಲಿಲ್ಲ. ಓನರಿಗೆ ತಾನು ತಪ್ಪು ಮಾಡಿದೆ ಎಂಬ ಭಾವನೆಯೂ ಇರಲಿಲ್ಲ. ತನ್ನ ಮನೆ, ತನ್ನ ಕೀಲಿ, ಹಗಲು ಹೊತ್ತು. ಹಾಗಾದರೆ ಆಕೆಗೆ ಆದ ಅನ್ಯಾಯ ಯಾವುದು? ನಮ್ಮ ಕಾನೂನಿಗೆ ಅದು ಕಾಣುತ್ತದೆಯೇ?

ಕಾಣುತ್ತದೆ, ಆದರೆ ಮಸುಕು ಮಸುಕಾಗಿ. ಮೊದಲು 1882ರ ಸ್ವತ್ತು ವರ್ಗಾವಣೆ ಕಾಯಿದೆಯನ್ನು ನೋಡೋಣ. ಇಂದು ಕರ್ನಾಟಕದ ನಗರಗಳ ಬಹುತೇಕ ಬಾಡಿಗೆ ಮನೆಗಳ ಸಂಬಂಧ ನಿಂತಿರುವುದು ಈ ಹಳೆಯ ಕಾಯಿದೆಯ ಮೇಲೆಯೇ. 1999ರ ಕರ್ನಾಟಕ ಬಾಡಿಗೆ ಕಾಯಿದೆ ಇದೆ, ಅದು 2001ರ ಡಿಸೆಂಬರ್ 31ರಂದು ಜಾರಿಗೂ ಬಂತು. ಆದರೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಅದು ಅನ್ವಯಿಸುವುದಿಲ್ಲ. ಇಂದು ಬೆಂಗಳೂರಿನಲ್ಲಿ 3,500 ರೂಪಾಯಿಗೆ ಶೀಟು ಹೊದಿಸಿದ ಒಂದು ಕೋಣೆ ಸಿಗುವುದೂ ಕಷ್ಟ. ಬಡವರ ಮನೆಗಳು ಕೂಡ ಆ ಕಾಯಿದೆಯ ನೆರಳಿನಿಂದ ಹೊರಗೆ ಬಂದು ನಿಂತಿವೆ.

ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನಲ್ಲಿ ಎರಡು ಖಂಡಗಳು ನಮಗೆ ಮುಖ್ಯ. (ಸಿ) ಖಂಡದ ಪ್ರಕಾರ, ಬಾಡಿಗೆ ಕೊಟ್ಟು ಕರಾರಿನಂತೆ ನಡೆದುಕೊಳ್ಳುವವರೆಗೆ ಬಾಡಿಗೆದಾರ ಯಾವ ಅಡಚಣೆಯೂ ಇಲ್ಲದೆ ಮನೆಯನ್ನು ತನ್ನ ಸ್ವಾಧೀನದಲ್ಲಿ ಇಟ್ಟುಕೊಳ್ಳಬಹುದು. ಮಾಲೀಕ ಇದಕ್ಕೆ ಮಾತು ಕೊಟ್ಟಿದ್ದಾನೆ ಎಂದೇ ಕಾನೂನು ಭಾವಿಸುತ್ತದೆ, ಆ ಮಾತು ಕಾಗದದ ಮೇಲೆ ಇಲ್ಲದಿದ್ದರೂ ಸರಿ. (ಎಂ) ಖಂಡದ ಪ್ರಕಾರ, ಮಾಲೀಕನೂ ಅವನ ಕಡೆಯವರೂ ಯುಕ್ತ ವೇಳೆಯಲ್ಲಿ ಒಳಗೆ ಬಂದು ಮನೆಯ ಸ್ಥಿತಿ ನೋಡಿ, ಏನಾದರೂ ಹಾಳಾಗಿದ್ದರೆ ತಿಳಿಸುವುದಕ್ಕೆ ಬಾಡಿಗೆದಾರ ಅವಕಾಶ ಕೊಡಬೇಕು. ಮಾಲೀಕರ ಪರ ವಾದಿಸುವವರು ಈ ಎರಡನೆಯದನ್ನು ಎತ್ತಿ ಹಿಡಿಯುತ್ತಾರೆ. ಮುಂಚಿತವಾಗಿ ತಿಳಿಸಬೇಕು ಎಂಬ ಮಾತು ಅಲ್ಲಿಲ್ಲ, ನಿಜ. ಆದರೆ ಒಂದನ್ನು ಗಮನಿಸಿ: ಅವಕಾಶ ಕೊಡುವುದು ಬಾಡಿಗೆದಾರನ ಕರ್ತವ್ಯ ಎಂದಮೇಲೆ, ಅವಕಾಶ ಕೊಡುವವನೂ ಅವನೇ. ಅವನನ್ನು ಕೇಳದೆ ಕೀಲಿ ತಿರುಗಿಸಿದರೆ ಆ ಕರ್ತವ್ಯವನ್ನು ಪಾಲಿಸುವ ಸಂದರ್ಭವೇ ಅವನಿಗೆ ಸಿಗಲಿಲ್ಲ. ಇನ್ನೂ ಒಂದು ಸಂಗತಿ. ಆ ಖಂಡ ಕೊಡುವ ಹಕ್ಕು ಮನೆಯ ಸ್ಥಿತಿಯನ್ನು ಪರಿಶೀಲಿಸುವುದಕ್ಕೆ. ಹೊಸ ಬಾಡಿಗೆದಾರರಿಗೆ ಮನೆ ತೋರಿಸುವುದು, ಒಳಗೆ ಯಾರು ಉಳಿದುಕೊಂಡಿದ್ದಾರೆಂದು ನೋಡುವುದು, ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ತಿಳಿಯುವುದು ಇವು ಯಾವುವೂ ಅದರೊಳಗೆ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ವಿದ್ಯಾರ್ಥಿಗಳಿಗೆ ಹೇಳಬೇಕು. ಈ ಕಲಮು ಅನ್ವಯಿಸುವುದು ಬೇರೆ ಕರಾರು ಇಲ್ಲದಿದ್ದಾಗ. ಕರಾರು ಪತ್ರದಲ್ಲಿ ಯಾರೋ ಒಂದು ಸಾಲು ಸೇರಿಸಿದರೆ ಕಾಯಿದೆಯ ರಕ್ಷಣೆ ಅಷ್ಟರ ಮಟ್ಟಿಗೆ ಕರಗುತ್ತದೆ. ಆ ಸಾಲಿನ ಕಡೆಗೆ ಕೊನೆಯಲ್ಲಿ ಬರುತ್ತೇನೆ.

ಕ್ರಿಮಿನಲ್ ಕಾನೂನು ಏನನ್ನುತ್ತದೆ? ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಅತಿಕ್ರಮ ಪ್ರವೇಶವನ್ನು ಕುರಿತದ್ದು. ಹಳೆಯ ದಂಡ ಸಂಹಿತೆಯ 441, 442ರಲ್ಲಿದ್ದ ಮಾತೇ ಇಲ್ಲಿಗೂ ಬಂದಿದೆ. ಮನೆಯೊಳಗೆ ಅತಿಕ್ರಮವಾಗಿ ಹೊಕ್ಕರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಲ್ಲಿ ಕೇಳುವ ಪ್ರಶ್ನೆ ಸ್ವತ್ತು ಯಾರ ಸ್ವಾಧೀನದಲ್ಲಿತ್ತು ಎಂಬುದು. ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಯಾರು ಕಟ್ಟುತ್ತಾರೆ ಎಂದು ಆ ಕಲಮು ಕೇಳುವುದಿಲ್ಲ. ಹಾಗಾಗಿ ಮಾಲೀಕ ತಾನೇ ಕಟ್ಟಿಸಿದ ಮನೆಯೊಳಗೆ ಅತಿಕ್ರಮ ಪ್ರವೇಶ ಮಾಡುವುದು ಕಾನೂನಿನ ಪ್ರಕಾರ ಸಾಧ್ಯ. ಇದನ್ನು ಕೇಳಿ ಬೆರಗಾಗುವ ಮಾಲೀಕರನ್ನು ನಾನು ಕಂಡಿದ್ದೇನೆ. ಆದರೆ ಅಪರಾಧವಾಗಬೇಕಾದರೆ ಹೊಕ್ಕವನಿಗೆ ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು. ‘ಎರಡೇ ನಿಮಿಷ’ ಎಂದ ಓನರಿಗೆ ಅಂಥ ಉದ್ದೇಶವಿತ್ತೆಂದು ಸಾಬೀತು ಮಾಡುವುದು ಕಷ್ಟ. ಠಾಣೆಗೆ ಹೋದರೆ ‘ಸಿವಿಲ್ ಮ್ಯಾಟರ್’ ಎಂದು ಕಳಿಸುವುದು ಇದೇ ಕಾರಣಕ್ಕೆ. ನರ್ಸಿಗೂ ನಾನು ದೂರು ಕೊಡಿ ಎಂದು ಹೇಳಲಿಲ್ಲ.

ಸಿವಿಲ್ ದಾರಿ ಗಟ್ಟಿಯಾಗಿದೆ, ಉದ್ದವೂ ಆಗಿದೆ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ, 2003ರ ಡಿಸೆಂಬರಿನಲ್ಲಿ, ನೆಲೆಗೊಂಡ ಸ್ವಾಧೀನವನ್ನು ನಿಜವಾದ ಒಡೆಯನೂ ಬಲದಿಂದ ಕದಲಿಸುವಂತಿಲ್ಲ, ಕಾನೂನಿನ ದಾರಿಯಲ್ಲೇ ಬರಬೇಕು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಡಿ, ಹೊರದಬ್ಬಿದವರ ವಿರುದ್ಧ ಆರು ತಿಂಗಳೊಳಗೆ ದಾವೆ ಹೂಡಿದರೆ ಒಡೆತನದ ಪ್ರಶ್ನೆಗೇ ಹೋಗದೆ ಸ್ವಾಧೀನ ಮರಳಿ ಕೊಡಿಸಬಹುದು. ಮತ್ತೆ ಮತ್ತೆ ಒಳನುಗ್ಗುವವರ ವಿರುದ್ಧ ತಡೆಯಾಜ್ಞೆ ಕೇಳಬಹುದು. ಆದರೆ ಇವೆಲ್ಲ ಮನೆ ಕಳೆದುಕೊಂಡವರಿಗೆ, ಕಳೆದುಕೊಳ್ಳುವ ಭಯದಲ್ಲಿರುವವರಿಗೆ ಹೊಲಿದ ಅಂಗಿಗಳು. ಐದು ನಿಮಿಷ ಎಲ್ಲವನ್ನೂ ನೋಡಿಸಿಕೊಂಡು ಕೂತವರ ಮೈಗೆ ಅವು ಸರಿಹೊಂದುವುದಿಲ್ಲ.

ಇನ್ನು ನನ್ನ ವಾದದ ತಿರುಳಿಗೆ ಬರುತ್ತೇನೆ. ಓನರನ್ನು ಬಿಟ್ಟು, ಕಾನೂನಿನ ಬಲದಿಂದ ಮನೆಯೊಳಗೆ ಬರಬಹುದಾದ ಉಳಿದವರನ್ನು ನೋಡಿ.

ವಿದ್ಯುತ್ ಕಂಪನಿಯವರು ಮೀಟರ್ ನೋಡಲು, ವೈರು ಸರಿಪಡಿಸಲು ಬರುತ್ತಾರೆ. 2003ರ ವಿದ್ಯುತ್ ಕಾಯಿದೆಯ 163ನೇ ಕಲಮಿನ ಪ್ರಕಾರ ಅವರು ಯುಕ್ತ ವೇಳೆಯಲ್ಲಿ ಬರಬೇಕು, ಮನೆಯಲ್ಲಿ ವಾಸವಿರುವವರಿಗೆ ತಮ್ಮ ಉದ್ದೇಶ ತಿಳಿಸಿ ಒಳಗೆ ಬರಬೇಕು. ಮಾಲೀಕರಿಗೆ ತಿಳಿಸಬೇಕೆಂದು ಅಲ್ಲಿಲ್ಲ, ವಾಸವಿರುವವರಿಗೆ ತಿಳಿಸಬೇಕೆಂದಿದೆ. ವಿದ್ಯುತ್ ಕಳ್ಳತನದ ಅನುಮಾನವಿದ್ದರೂ, ವಾಸದ ಮನೆಯನ್ನು ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ತಪಾಸಣೆ ಮಾಡಬೇಕಾದರೆ ಆ ಮನೆಯ ವಯಸ್ಕ ಗಂಡಸೊಬ್ಬರು ಹಾಜರಿರಬೇಕು ಎಂದು 135ನೇ ಕಲಮು ವಿಧಿಸುತ್ತದೆ. ಒಬ್ಬಂಟಿ ಹೆಂಗಸಿನ ಮನೆ ಹಾಗೂ ಹೆಂಗಸರೇ ಇರುವ ಮನೆಗಳಿಗೆ ಈ ಮಾತು ಹೇಗೆ ಅನ್ವಯವಾದೀತು ಎಂಬ ಜಗಳ ಬೇರೆ. ಕತ್ತಲಾದ ಮೇಲಿನ ಬಾಗಿಲು ಹಗಲಿನ ಬಾಗಿಲಿನಂತಲ್ಲ ಎಂದು ಶಾಸನಕಾರರಿಗೆ ತಿಳಿದಿತ್ತು ಎಂಬುದು ನನಗೆ ಇಲ್ಲಿ ಬೇಕಾದದ್ದು.

ಜನಗಣತಿಯವರು ಬರುತ್ತಾರೆ. 1948ರ ಜನಗಣತಿ ಕಾಯಿದೆ ಅವರನ್ನು ಒಳಗೆ ಬಿಡುವ ಹೊಣೆಯನ್ನು ಮನೆಯಲ್ಲಿರುವವರ ಮೇಲೆ ಹಾಕುತ್ತದೆ, ಆದರೆ ದೇಶದ ನಡಾವಳಿಗೆ ತಕ್ಕಂತೆ ಎಷ್ಟು ಯುಕ್ತವೋ ಅಷ್ಟು ಮಾತ್ರ. ಗಣತಿಯ ಮೇಷ್ಟ್ರುಗಳು ಜಗುಲಿಯಲ್ಲೇ ಕೂತು ಬರೆದುಕೊಂಡು, ಕೊಟ್ಟ ನೀರು ಕುಡಿದು ಹೋಗುತ್ತಾರೆ. ಅಡುಗೆಮನೆಗೆ ಹೋಗಿ ಪಾತ್ರೆ ಎಣಿಸುವುದಿಲ್ಲ.

ಪೊಲೀಸರು ಬರುತ್ತಾರೆ. ಅವರು ಶೋಧನೆಗೆ ಬಂದಾಗ ಆ ಪ್ರದೇಶದ ಇಬ್ಬರು ಗೌರವಸ್ಥರು ಸಾಕ್ಷಿಗಳಾಗಿ ಇರಬೇಕು, ಮನೆಯಲ್ಲಿ ವಾಸವಿರುವವರಿಗೆ ಶೋಧನೆಯ ಹೊತ್ತಿನಲ್ಲಿ ಹಾಜರಿರಲು ಅವಕಾಶ ಕೊಡಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಮು ಹೇಳುತ್ತದೆ. ಈಗ 105ನೇ ಕಲಮಿನಂತೆ ವಿಡಿಯೊ ಚಿತ್ರೀಕರಣವೂ ಆಗಬೇಕು. ಬಂಧಿಸಬೇಕಾದವನು ಒಳಗೆ ಅವಿತಿದ್ದಾನೆಂದೇ ಇರಲಿ, ಹೊರಗೆ ಕಾಣಿಸಿಕೊಳ್ಳದ ಸಂಪ್ರದಾಯದ ಹೆಂಗಸು ಇರುವ ಕೋಣೆಯಾದರೆ ಆಕೆಗೆ ಮೊದಲು ತಿಳಿಸಿ, ಹೊರಗೆ ಹೋಗಲು ಅನುವು ಮಾಡಿಕೊಟ್ಟು ಆಮೇಲೆ ಒಳಹೋಗಬೇಕು.

ಕೊಲೆ ಆರೋಪಿಯನ್ನು ಹಿಡಿಯಲು ಬಂದ ಇನ್ಸ್‌ಪೆಕ್ಟರರಿಗೆ ಇರುವಷ್ಟು ಕಟ್ಟುಪಾಡು, ನಲ್ಲಿ ಸೋರುತ್ತಿದೆಯೇ ಎಂದು ನೋಡಲು ಬರುವ ಓನರಿಗೆ ಇಲ್ಲ. ಸರ್ಕಾರದ ಪ್ರತಿಯೊಂದು ಕೈಯನ್ನೂ ಹೊಸ್ತಿಲಲ್ಲಿ ನಿಲ್ಲಿಸಿ ಮಾತಾಡಿಸಿದ ನಮ್ಮ ಶಾಸನ, ದಿನನಿತ್ಯ ಅತಿ ಹೆಚ್ಚು ಬಾರಿ ಆ ಹೊಸ್ತಿಲು ದಾಟುವವರ ವಿಷಯದಲ್ಲಿ ‘ಯುಕ್ತ ವೇಳೆ’ ಎಂದಷ್ಟೇ ಹೇಳಿ 1882ರಲ್ಲಿ ಸುಮ್ಮನಾಯಿತು.

1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದ ಚಾಪ್‌ಮನ್ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಜಾರ್ಜಿಯಾ ರಾಜ್ಯದಲ್ಲಿ ಒಬ್ಬ ಮಾಲೀಕ, ಬಾಡಿಗೆದಾರನನ್ನು ಚರ್ಚಿಗೆ ಕರೆಯೋಣವೆಂದು ಭಾನುವಾರ ಅವನ ಮನೆಗೆ ಹೋದ. ಒಳಗಿನಿಂದ ಹುಳಿಬಂದ ಕಾಳಿನ ಗಾಢ ವಾಸನೆ ಬರುತ್ತಿತ್ತು. ಪೊಲೀಸರಿಗೆ ಹೇಳಿ, ಕಿಟಕಿಯಿಂದ ಒಳಗೆ ಹೋಗಲು ತಾನೇ ಒಪ್ಪಿಗೆ ಕೊಟ್ಟ. ಒಳಗೆ ಕಳ್ಳಭಟ್ಟಿಯೂ 1,300 ಗ್ಯಾಲನ್ ಕೊಳೆಯೂ ಸಿಕ್ಕವು. ಅಪರಾಧ ಕಣ್ಣೆದುರೇ ಇತ್ತು. ಆದರೂ ಆ ಶೋಧನೆ ಅಸಿಂಧು ಎಂದಿತು ನ್ಯಾಯಾಲಯ: ಬಾಡಿಗೆದಾರನ ಮನೆಗೆ ಪೊಲೀಸರನ್ನು ಬಿಡುವ ಒಪ್ಪಿಗೆ ಮಾಲೀಕನ ಕೈಯಲ್ಲಿಲ್ಲ. ನಮ್ಮ ದೇಶದಲ್ಲಿ ಅಕ್ರಮ ಶೋಧನೆಯಲ್ಲಿ ಸಿಕ್ಕ ಸಾಕ್ಷ್ಯವನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ, ಆ ವ್ಯತ್ಯಾಸ ನೆನಪಿರಲಿ. ತತ್ತ್ವ ಮಾತ್ರ ನಮಗೂ ಸಲ್ಲುವಂಥದ್ದು. ಬಾಗಿಲು ತೆರೆಯುವ ಒಪ್ಪಿಗೆ ಒಳಗೆ ಬಾಳುತ್ತಿರುವವರದು.

ನಮ್ಮ ಸಂವಿಧಾನ ಈ ಬಾಗಿಲಿನ ಹತ್ತಿರ ಬಂದು ವಾಪಸು ಹೋದ ಕಥೆಯೂ ಇದೆ. 1947ರ ಮಾರ್ಚಿನಲ್ಲಿ ಕೆ.ಎಂ. ಮುನ್ಷಿಯವರು ಮೂಲಭೂತ ಹಕ್ಕುಗಳ ಕರಡಿನಲ್ಲಿ ಪ್ರಜೆಯ ಮನೆಗೆ ಭಂಗಬಾರದು ಎಂಬ ಹಕ್ಕನ್ನು ಸೇರಿಸಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರು ಸಂವಿಧಾನ ಸಲಹೆಗಾರರಾಗಿ, ಇದರಿಂದ ಪೊಲೀಸ್ ತನಿಖೆಗೆ ತೊಡಕಾದೀತು ಎಂದು ಆತಂಕಪಟ್ಟರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರಿಗೂ ಆಕ್ಷೇಪಗಳಿದ್ದವು. ಆ ಮಾತು ಬಿದ್ದುಹೋಯಿತು. 1962ರಲ್ಲಿ ಉತ್ತರ ಪ್ರದೇಶದ ಖಡಕ್ ಸಿಂಗ್ ಪ್ರಕರಣ ಬಂತು. ಡಕಾಯಿತಿಯ ಆರೋಪದಿಂದ ಸಾಕ್ಷ್ಯವಿಲ್ಲದೆ ಬಿಡುಗಡೆಯಾದವನ ಮನೆಯ ಬಾಗಿಲನ್ನು ಪೊಲೀಸರು ರಾತ್ರಿಹೊತ್ತು ಬಡಿದು ಎಬ್ಬಿಸಿ, ಮನೆಯಲ್ಲಿದ್ದಾನೆಯೇ ಎಂದು ನೋಡುತ್ತಿದ್ದರು. ಆ ರಾತ್ರಿ ಭೇಟಿಗಳನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತು. ಆದರೆ ಖಾಸಗಿತನ ಎಂಬುದು ಸಂವಿಧಾನದ ಖಾತರಿಯಲ್ಲ ಎಂದೂ ಬಹುಮತದ ತೀರ್ಪು ಹೇಳಿತು. 55 ವರ್ಷ ಆ ಮಾತು ನಮ್ಮ ಮೇಲೆ ಕೂತಿತ್ತು. ಅದನ್ನು ಇಳಿಸಿದ ಅರ್ಜಿಯನ್ನು 86ನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯ ವಿರುದ್ಧ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ನಮ್ಮ ನಾಡಿನ ಒಬ್ಬ ಹಿರಿಯ ಜೀವ ಮಾಡಿಕೊಟ್ಟ ಈ ಉಪಕಾರವನ್ನು ನಮ್ಮ ಶಾಲೆಯ ಪಾಠಗಳಲ್ಲಿ ಇನ್ನೂ ಎದ್ದು ಕಾಣುವಂತೆ ಹೇಳಬೇಕಿದೆ.

ಆದರೆ ಬಾಡಿಗೆದಾರರಿಗೆ ಇನ್ನೂ ಹತ್ತಿರವಾದ ತೀರ್ಪು ಅದಕ್ಕೂ ಮುಂಚಿನದು. 2004ರಲ್ಲಿ ಕೆನರಾ ಬ್ಯಾಂಕ್ ಪ್ರಕರಣ. ಆಂಧ್ರ ಪ್ರದೇಶ ಸರ್ಕಾರ ಮುದ್ರಾಂಕ ಕಾಯಿದೆಗೆ ತಿದ್ದುಪಡಿ ತಂದು, ಬ್ಯಾಂಕಿನಲ್ಲಿರುವ ಗ್ರಾಹಕರ ಕಾಗದಪತ್ರಗಳನ್ನು ಯಾರನ್ನು ಬೇಕಾದರೂ ಕಳಿಸಿ ತಪಾಸಣೆ ಮಾಡಿಸುವ ಅಧಿಕಾರ ಪಡೆದಿತ್ತು. ಕಾಗದ ಗ್ರಾಹಕನ ಮನೆಯಲ್ಲಿಲ್ಲ, ಬ್ಯಾಂಕಿನ ಕಟ್ಟಡದಲ್ಲಿದೆ, ಆಗ ಅವನ ಖಾಸಗಿತನ ಎಲ್ಲಿಂದ ಬಂತು ಎಂಬ ವಾದ ಎದ್ದಿತು. ಖಾಸಗಿತನ ಸೇರಿದ್ದು ವ್ಯಕ್ತಿಗೆ, ಸ್ಥಳಕ್ಕಲ್ಲ ಎಂದು ನ್ಯಾಯಾಲಯ ಉತ್ತರಿಸಿತು. ನರ್ಸಿಗೆ ಬೇಕಾದ ಉತ್ತರ ಇದೇ. ಇಟ್ಟಿಗೆ, ಸಿಮೆಂಟು, ನೆಲ ಓನರದು. ಆ ನೆಲದ ಮೇಲೆ ಹಾಸಿದ ಹಾಸಿಗೆ, ಆ ಹಾಸಿಗೆಯ ಮೇಲಿನ ನಿದ್ದೆ, ಮಾತ್ರೆಯ ಸ್ಟ್ರಿಪ್ಪು ಹೇಳುವ ಕಾಯಿಲೆ ಆಕೆಯದು. ಸ್ವಂತ ಮನೆಯಲ್ಲಿರುವವಳಿಗೆ ಎಷ್ಟು ಖಾಸಗಿತನವೋ ಬಾಡಿಗೆಗೆ ಇರುವವಳಿಗೂ ಅಷ್ಟೇ. ಪಿಜಿಗಳಲ್ಲಿರುವ ಹುಡುಗಿಯರ ವಿಷಯದಲ್ಲಿ ಈ ತತ್ತ್ವ ಇನ್ನೂ ಹೆಚ್ಚು ಬೇಕು. ಪಿಜಿಯಲ್ಲಿ ಇರುವವರನ್ನು ಕಾನೂನು ಸಾಮಾನ್ಯವಾಗಿ ಬಾಡಿಗೆದಾರರೆಂದು ಒಪ್ಪುವುದಿಲ್ಲ. ಅವರದು ಬರೀ ಪರವಾನಗಿ, ಸ್ವಾಧೀನ ನಡೆಸುವವರದೇ. 108ನೇ ಕಲಮಿನ ಆಸರೆ ಅವರಿಗಿಲ್ಲ. ಕೋಣೆ ಅವರದಲ್ಲದಿರಬಹುದು, ಮೈ ಅವರದೇ ತಾನೇ.

ಒಪ್ಪಿಕೊಳ್ಳಬೇಕಾದ ತೊಡಕೊಂದಿದೆ. ಮೂಲಭೂತ ಹಕ್ಕುಗಳು ಮುಖ್ಯವಾಗಿ ಸರ್ಕಾರದ ವಿರುದ್ಧ. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಖಾಸಗಿ ವ್ಯಕ್ತಿಗಳ ವಿರುದ್ಧವೂ ಜಾರಿಗೊಳಿಸಬಹುದು ಎಂದು ಸಂವಿಧಾನ ಪೀಠದ ಬಹುಮತ ಹೇಳಿದೆ. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಆ ಅಂಶವನ್ನು ಹಾಗೆ ಒಪ್ಪಲಿಲ್ಲ. ವಿದ್ಯಾರ್ಥಿಗಳು ಎರಡನ್ನೂ ಓದಬೇಕು. ಅದೇನೇ ಇರಲಿ, ಓನರು ಕೀಲಿ ತಿರುಗಿಸಿದ್ದಕ್ಕೆ ಹೈಕೋರ್ಟಿಗೆ ರಿಟ್ ಹಾಕುವ ಬಾಡಿಗೆದಾರರು ಯಾರೂ ಇಲ್ಲ. ಪರಿಹಾರ ಇನ್ನೂ ಹತ್ತಿರದಲ್ಲಿರಬೇಕು.

ಹಿಂದೆ ಆ ಪರಿಹಾರ ಮನೆಯ ವಿನ್ಯಾಸದಲ್ಲೇ ಇತ್ತೆಂದು ನನಗೆ ಅನ್ನಿಸುತ್ತದೆ. ನಮ್ಮ ಹಳೆಯ ಮನೆಗಳಿಗೆ ಜಗುಲಿ ಇತ್ತು. ದಾರಿಹೋಕರಿಗೆ ಅಲ್ಲಿಯವರೆಗೆ ಸಲುಗೆ. ಪಡಸಾಲೆಯವರೆಗೆ ಪರಿಚಿತರು, ನಡುಮನೆಯವರೆಗೆ ನೆಂಟರು, ಅಡುಗೆಮನೆಗೆ ಮನೆಯವರು. ಒಬ್ಬೊಬ್ಬರು ಎಲ್ಲಿ ನಿಲ್ಲಬೇಕೆಂಬುದನ್ನು ಗೋಡೆಗಳೇ ಹೇಳುತ್ತಿದ್ದವು. ಆ ಏರ್ಪಾಡಿನಲ್ಲಿ ಜಾತಿಯ ಕ್ರೌರ್ಯವೂ ಸೇರಿಕೊಂಡಿತ್ತು, ಅದನ್ನು ಮರೆತು ಹಳೆಯದನ್ನು ಹೊಗಳಲಾರೆ. ಆದರೆ ಹೊರಗಿನಿಂದ ಬಂದವರು ಕೆಮ್ಮಿಯೋ ಕೂಗಿಯೋ ಸುಳಿವು ಕೊಟ್ಟು, ಒಳಗಿನವರು ಸೆರಗು ಸರಿಮಾಡಿಕೊಂಡು ಬರುವಷ್ಟು ಅವಕಾಶ ಅಲ್ಲಿತ್ತು. ಸ್ವತ್ತು ವರ್ಗಾವಣೆ ಕಾಯಿದೆ 1882ರ 4ನೇ ಕಾಯಿದೆ. ಅದರ ಬೆನ್ನಿಗೇ ಬಂದ 5ನೆಯದು ಈಸ್‌ಮೆಂಟ್ ಕಾಯಿದೆ. ಅದು ಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ಕೊಡಗೂ ಇತ್ತು, ಆಗ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಯೂ ಇದ್ದವು. ಅದರ 18ನೇ ಕಲಮಿನ ಉದಾಹರಣೆಯೊಂದರಲ್ಲಿ, ಊರಿನ ರೂಢಿಯಿದ್ದರೆ, ಪಕ್ಕದ ಮನೆಯ ಮರೆಯ ಭಾಗ ಕಾಣುವಂತೆ ಹೊಸ ಕಿಟಕಿ ಇಡಬಾರದು ಎಂದಿದೆ. ಅಂದರೆ ಪಕ್ಕದವನ ಕಣ್ಣು ಕಿಟಕಿಯಿಂದ ಬೀಳಬಾರದೆಂಬ ಎಚ್ಚರ ನಮ್ಮ ಕಾನೂನಿಗೆ 1882ರಲ್ಲೇ ಇತ್ತು.

ಈಗ 20x30 ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಮಹಡಿಗೆ ಎರಡರಂತೆ ಮನೆ ಮಾಡಿರುತ್ತಾರೆ. ಬಾಗಿಲು ತೆರೆದರೆ ನೇರ ಹಾಸಿಗೆ, ಪಕ್ಕದಲ್ಲೇ ಒಲೆ. ಪೀಣ್ಯದ ಸುತ್ತಮುತ್ತ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮೂವರು ನಾಲ್ವರು ಸೇರಿ ಇರುವ ಸಾಲುಮನೆಗಳಲ್ಲಿ ಅದೂ ಒಂದೇ ಕೋಣೆ. ಜಗುಲಿಯೂ ಇಲ್ಲ, ನಡುಮನೆಯೂ ಇಲ್ಲ. ಗೋಡೆಗಳು ಕೊಡಲಾರದ ಆ ಮರೆಯನ್ನು ಇನ್ನು ಕೊಡಬೇಕಾದದ್ದು ಸಮಯ. ಒಂದು ದಿನ ಮುಂಚೆ ಹೇಳಿದರೆ ಬಟ್ಟೆ ಮಡಿಸಿಡಬಹುದು, ಮಾತ್ರೆ ಎತ್ತಿಡಬಹುದು, ಮುಖ ತೊಳೆದು ಬಾಗಿಲಲ್ಲಿ ನಿಂತು ‘ಬನ್ನಿ’ ಎನ್ನಬಹುದು. ನೋಟಿಸು ಎಂದರೆ ನನ್ನ ಪಾಲಿಗೆ ಇಷ್ಟೇ.

ಇಷ್ಟು ಸಣ್ಣದನ್ನು ಬಾಡಿಗೆದಾರರು ಯಾಕೆ ಕೇಳುವುದಿಲ್ಲ? ಅಡ್ವಾನ್ಸ್ ಓನರ ಬಳಿ ಇರುತ್ತದೆ. ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಬಾಡಿಗೆ ಮುಂಗಡ. 15,000 ರೂಪಾಯಿ ಬಾಡಿಗೆಗೆ ಒಂದೂವರೆ ಲಕ್ಷ. ಸುಣ್ಣಬಣ್ಣ, ರಿಪೇರಿ ಎಂದು ಅದರಲ್ಲಿ ಎಷ್ಟು ಮುರಿಯುತ್ತಾರೋ ಎಂಬ ಅಂಜಿಕೆ ಮನೆ ಬಿಡುವ ದಿನದವರೆಗೂ ಇರುತ್ತದೆ. ಭೋಗ್ಯಕ್ಕೆ ಇರುವವರದು ಇನ್ನೂ ದೊಡ್ಡ ಗಂಟು. ದುಡ್ಡು ಅಲ್ಲಿರುವಾಗ ಬಾಯಿ ಇಲ್ಲಿ ತೆರೆಯುವುದಿಲ್ಲ. ನರ್ಸ್ ಕೂಡ ಕೊನೆಗೆ ನನ್ನನ್ನು ಕೇಳಿದ್ದು ಅಡ್ವಾನ್ಸ್ ವಾಪಸು ಬರುವವರೆಗೆ ಸುಮ್ಮನಿರಲೇ ಎಂದು.

ಬೇರೆ ಕಾರಣಗಳೂ ಇವೆ. ಮನೆ ಕೊಡುವಾಗಲೇ ಜಾತಿ, ಧರ್ಮ, ಊಟ, ಮದುವೆ ಕೇಳುವುದು ನಮ್ಮಲ್ಲಿ ಗುಟ್ಟಿನ ಸಂಗತಿಯಲ್ಲ. ಅಷ್ಟೆಲ್ಲ ಹುಡುಕಿ ಸಿಕ್ಕ ಮನೆಯಲ್ಲಿ ದಲಿತ ಕುಟುಂಬವೋ ಮುಸ್ಲಿಂ ಕುಟುಂಬವೋ ಒಂಟಿ ಹೆಂಗಸೋ ‘ಹೇಳದೆ ಬರಬೇಡಿ’ ಎಂದರೆ ಮುಂದಿನ ತಿಂಗಳು ‘ಮಗನಿಗೆ ಮದುವೆ, ಮನೆ ಬೇಕು’ ಎಂಬ ಮಾತು ಬರುತ್ತದೆ. ಅವರ ಮನೆಗೆ ಓನರು ಬರುವುದು ಗೋಡೆ ನೋಡುವುದಕ್ಕಷ್ಟೇ ಆಗಿರುವುದಿಲ್ಲ. ಫ್ರಿಜ್ಜಿನಲ್ಲಿ ಏನಿದೆ, ಬಾಗಿಲಲ್ಲಿ ಯಾರ ಚಪ್ಪಲಿ ಇದೆ ಎಂಬುದೂ ನೋಡಲ್ಪಡುತ್ತದೆ. ಹೇಳದೆ ಕೇಳದೆ ಬರುವ ಹಕ್ಕು, ಹೀಗೆ, ಬಾಡಿಗೆದಾರರ ಬದುಕನ್ನು ತಿದ್ದುವ ಹಕ್ಕಾಗಿಬಿಡುತ್ತದೆ. ಈ ವಿಷಯವನ್ನು ನಾನು ಇವತ್ತು ಎತ್ತಿಕೊಂಡದ್ದು ಮುಖ್ಯವಾಗಿ ಇದಕ್ಕಾಗಿ.

ಮಾಲೀಕರ ಕಡೆಯನ್ನೂ ನಾನು ಬಲ್ಲೆ. ಇವರಲ್ಲಿ ಬಹಳ ಮಂದಿ ದೊಡ್ಡ ಆಸ್ತಿವಂತರಲ್ಲ. ನಿವೃತ್ತಿಯ ಹಣ, ಬ್ಯಾಂಕಿನ ಸಾಲ, ಊರಿನ ಜಮೀನು ಮಾರಿದ ದುಡ್ಡು ಸೇರಿಸಿ ಕಟ್ಟಿದ ಮನೆ. ಕೆಳಗೆ ತಾವಿದ್ದು ಮೇಲಿನ ಬಾಡಿಗೆಯಿಂದ ಸಂಸಾರ ನಡೆಸುವವರು. ಮೇಲಿನ ಬಚ್ಚಲು ಸೋರಿದರೆ ಕೆಳಗಿನ ದೇವರಮನೆಯ ಸೂರು ಹಸಿಯಾಗುತ್ತದೆ. ಸಿಲಿಂಡರ್ ವಾಸನೆ ಬಂದಾಗ 24 ಗಂಟೆ ಕಾಯಿರಿ ಎಂದು ಯಾರೂ ಹೇಳಲಾರರು. ಒಬ್ಬರಿಗೆ ಕೊಟ್ಟ ಮನೆಯಲ್ಲಿ ಎಂಟು ಜನ ಸೇರಿಕೊಂಡರೆ ನೀರಿನ ಸಂಪು ಸಂಜೆಗೇ ಖಾಲಿ. ಇವೆಲ್ಲ ನ್ಯಾಯವಾದ ಚಿಂತೆಗಳು. ಆದರೆ ಇವುಗಳಲ್ಲಿ ಯಾವುದಕ್ಕೂ ಅನಿರೀಕ್ಷಿತ ಭೇಟಿ ಬೇಕಿಲ್ಲ. ಬೆಂಕಿ, ಗ್ಯಾಸ್, ಒಡೆದ ಪೈಪು ಬಿಟ್ಟರೆ ಮಿಕ್ಕ ಎಲ್ಲವೂ ನಾಳೆಯವರೆಗೆ ತಡೆಯುತ್ತವೆ.

2021ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯ 17ನೇ ಕಲಮು ಇದನ್ನೇ ಬರೆದಿದೆ. ದುರಸ್ತಿಗೋ ಪರಿಶೀಲನೆಗೋ ಬರಬೇಕಾದರೆ ಕನಿಷ್ಠ 24 ಗಂಟೆ ಮುಂಚೆ ಬರಹದಲ್ಲಿ ಅಥವಾ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ತಿಳಿಸಬೇಕು. ಕಾರಣ, ದಿನ, ವೇಳೆ ಹೇಳಬೇಕು. ಸೂರ್ಯೋದಯಕ್ಕೆ ಮುಂಚೆ, ಸೂರ್ಯಾಸ್ತದ ನಂತರ ಬರುವಂತಿಲ್ಲ. ಬೆಂಕಿ, ಪ್ರವಾಹದಂಥ ತುರ್ತಿಗೆ ವಿನಾಯಿತಿ ಇದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆಂಬ ಮಾತೂ ಅದೇ ಕಾಯಿದೆಯಲ್ಲಿದೆ. ಈ ಎರಡನ್ನೂ ಒಟ್ಟಿಗೆ ಓದಬೇಕೆಂಬುದು ನನ್ನ ಅಭಿಪ್ರಾಯ: ಅಡ್ವಾನ್ಸ್ ಹಗುರಾಗದೆ ಬಾಡಿಗೆದಾರರ ಬಾಯಿ ತೆರೆಯದು. ಆದರೆ ಅದು ಮಾದರಿ ಮಾತ್ರ. ಮನೆ ಬಾಡಿಗೆ ರಾಜ್ಯಗಳಿಗೆ ಬಿಟ್ಟ ವಿಷಯ. ಉತ್ತರ ಪ್ರದೇಶ, ಅಸ್ಸಾಂ 2021ರಲ್ಲಿ ಹೊಸ ಕಾಯಿದೆ ಮಾಡಿಕೊಂಡವು. ತಮಿಳುನಾಡು 2017ರಲ್ಲೇ ತನ್ನದೊಂದನ್ನು ಮಾಡಿತ್ತು. ನಮ್ಮಲ್ಲಿ ಇಂದಿಗೂ 1999ರ ಕಾಯಿದೆ, ಅದರ 3,500 ರೂಪಾಯಿಯ ಗೆರೆ. ನಾವು ಹೊಸದನ್ನು ಬರೆಯುವ ದಿನ ಬಂದಾಗ ಮಾದರಿಯ ಒಂದು ರಂಧ್ರವನ್ನು ಮುಚ್ಚಬೇಕು. ಕರಾರಿನಲ್ಲಿ ನಮೂದಿಸಿದ ಬೇರೆ ಯಾವುದೇ ಯುಕ್ತ ಕಾರಣಕ್ಕೂ ಬರಬಹುದು ಎಂದು ಅಲ್ಲಿದೆ. ಕರಾರು ಬರೆಸುವವರು ಮಾಲೀಕರೇ ಆದ್ದರಿಂದ ಆ ರಂಧ್ರದಲ್ಲಿ ಆನೆ ನುಗ್ಗುತ್ತದೆ. ಮನೆ ತೋರಿಸುವುದಕ್ಕೆ ಬಾಡಿಗೆದಾರರು ಒಪ್ಪಿದ ವೇಳೆಯೇ ಆಗಬೇಕೆಂದು ಕಾಯಿದೆಯಲ್ಲೇ ಹೇಳಬೇಕು.

ಅಲ್ಲಿಯವರೆಗೆ ಆ ಕರಾರು ಪತ್ರವೇ ನಮ್ಮ ಕೈಯಲ್ಲಿರುವ ಸಾಧನ. ಅದು ಹೇಗೆ ಹುಟ್ಟುತ್ತದೆಂದು ನಿಮಗೆ ಗೊತ್ತು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕೆಂದು 11 ತಿಂಗಳಿಗೆ ಬರೆಸುತ್ತಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಬೀದಿಯ ಟೈಪಿಂಗ್ ಅಂಗಡಿಯಲ್ಲಿ, ಹಿಂದಿನವರ ಹೆಸರು ಅಳಿಸಿ ಹೊಸಬರ ಹೆಸರು ಹಾಕಿ, ಇ-ಸ್ಟಾಂಪಿನ ಮೇಲೆ ಮುದ್ರಿಸುತ್ತಾರೆ. ಅದರಲ್ಲಿ ‘ಒಂದನೇ ಪಾರ್ಟಿಯವರು ಮನೆಯನ್ನು ಪರಿಶೀಲಿಸಲು ಬಂದಾಗ ಎರಡನೇ ಪಾರ್ಟಿಯವರು ಯಾವುದೇ ತಕರಾರು ಮಾಡತಕ್ಕದ್ದಲ್ಲ’ ಎಂಬಂಥ ಸಾಲು ಇರುತ್ತದೆ. ಓದದೆಯೇ ಸಹಿ ಬೀಳುತ್ತದೆ. 108ನೇ ಕಲಮು ಕೊಟ್ಟ ರಕ್ಷಣೆ ಆ ಸಾಲಿನಲ್ಲಿ ಕರಗಿಹೋಗುತ್ತದೆ.

ಆ ಜಾಗಕ್ಕೆ ನಾನು ಸೂಚಿಸುವ ಸಾಲುಗಳು ಇವು: ‘ದುರಸ್ತಿ, ಪರಿಶೀಲನೆ ಅಥವಾ ಹೊಸ ಬಾಡಿಗೆದಾರರಿಗೆ ಮನೆ ತೋರಿಸುವ ಸಲುವಾಗಿ ಮಾಲೀಕರು ಅಥವಾ ಅವರ ಕಡೆಯವರು ಒಳಬರಬೇಕಾದಲ್ಲಿ 24 ಗಂಟೆ ಮುಂಚಿತವಾಗಿ ವಾಟ್ಸ್ಆ್ಯಪ್ ಅಥವಾ ಪತ್ರದ ಮೂಲಕ ಕಾರಣ ಮತ್ತು ವೇಳೆಯನ್ನು ತಿಳಿಸತಕ್ಕದ್ದು. ಬಾಡಿಗೆದಾರರು ಆ ವೇಳೆಗೆ ಅಥವಾ ಮೂರು ದಿನದೊಳಗಿನ ಬೇರೆ ವೇಳೆಗೆ ಒಪ್ಪತಕ್ಕದ್ದು. ಬಾಡಿಗೆದಾರರು ಅಥವಾ ಅವರು ಹೇಳಿದವರು ಹಾಜರಿಲ್ಲದಾಗ ಯಾರೂ ಒಳಬರತಕ್ಕದ್ದಲ್ಲ. ಬೆಂಕಿ, ಅನಿಲ ಸೋರಿಕೆ, ನೀರು ನುಗ್ಗುವಿಕೆಯಂಥ ತುರ್ತಿನಲ್ಲಿ ಒಳಬಂದರೆ ಅದೇ ದಿನ ಬಾಡಿಗೆದಾರರಿಗೆ ತಿಳಿಸತಕ್ಕದ್ದು. ಮಾಲೀಕರ ಬಳಿ ಎರಡನೇ ಕೀಲಿ ಇದ್ದಲ್ಲಿ ಅದನ್ನು ಈ ಕರಾರಿನಲ್ಲಿ ನಮೂದಿಸತಕ್ಕದ್ದು.’ ಮೂರು ದಿನದ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಒಪ್ಪದೆಯೇ ಕಾಲ ತಳ್ಳುವ ಬಾಡಿಗೆದಾರರೂ ಇದ್ದಾರೆ, ಅವರಿಂದ ಮಾಲೀಕರಿಗೂ ರಕ್ಷಣೆ ಬೇಕು.

ವಕೀಲರ ಸಂಘದ ಪದಾಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರಲ್ಲಿ ನನ್ನದೊಂದು ಬೇಡಿಕೆ. ಈ ಖಂಡ ಇರುವ ಒಂದು ಮಾದರಿ ಕರಾರನ್ನು ಸರಳ ಕನ್ನಡದಲ್ಲಿ ಸಂಘವೇ ತಯಾರಿಸಿ, ಜಿಲ್ಲೆಯ ಪ್ರತಿಯೊಂದು ಟೈಪಿಂಗ್ ಅಂಗಡಿಗೂ ನೋಟರಿಗೂ ಪೆನ್‌ಡ್ರೈವಿನಲ್ಲಿ ಹಾಕಿ ಕೊಡಲಿ. ಕಾನೂನು ವಿದ್ಯಾರ್ಥಿಗಳು ಆ ಅಂಗಡಿಗಳಿಗೆ ಹೋಗಿ ಹಳೆಯ ಕಡತದ ಜಾಗದಲ್ಲಿ ಇದನ್ನು ಇರಿಸಿ ಬರಲಿ. ಕರಡನ್ನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಅಧ್ಯಕ್ಷರ ಕೈಗೆ ಒಪ್ಪಿಸುತ್ತೇನೆ, ತಿದ್ದುವುದಿದ್ದರೆ ಇಂದೇ ಕೂತು ತಿದ್ದೋಣ.